ಮನೆಯ ಲ್ಯಾಪ್‌ಟಾಪಿಗೆ ವೈಫೈ: ರೂಟರ್ ಇಡುವ ಜಾಗದಿಂದಲೇ ಶುರು

ಮನೆಗೆ ಫೈಬರ್ ಸಂಪರ್ಕ ಕೊಡಲು ಬಂದವರು ಕೇಬಲ್ ಒಳಬರುವ ಕಿಟಕಿಯ ಪಕ್ಕದಲ್ಲೋ ಟಿವಿಯ ಹಿಂದೆಯೋ ಎರಡು ಮೊಳೆ ಹೊಡೆದು ಪೆಟ್ಟಿಗೆಯನ್ನು ತೂಗುಹಾಕಿ, ಅದರ ಎದುರೇ ನಿಂತು ಮೊಬೈಲಿನಲ್ಲಿ ವೇಗ ಅಳೆದು ತೋರಿಸಿ ಹೊರಡುತ್ತಾರೆ. ಎರಡು ಮಾರು ದೂರದಲ್ಲಿ 100 ಎಂಬಿಪಿಎಸ್ ಬಂದದ್ದು ಸುಳ್ಳಲ್ಲ. ಆದರೆ ನಾವು ಲ್ಯಾಪ್‌ಟಾಪ್ ತೆರೆದು ಕೂರುವುದು ಜಗಲಿಯಲ್ಲಲ್ಲ, ಮಹಡಿಯ ಕೋಣೆಯಲ್ಲಿ. ಅಲ್ಲಿ ಮೀಟಿಂಗಿನ ಮಾತು ತುಂಡುತುಂಡಾಗಿ ಕೇಳತೊಡಗಿದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಇನ್ನೂ ದುಬಾರಿ ಪ್ಲಾನಿಗೆ ಬದಲಾಯಿಸಿಕೊಳ್ಳುವುದು. ನೂರರ ಬದಲು ಮುನ್ನೂರರ ಪ್ಲಾನ್ ಹಾಕಿಸಿದರೂ ಆ ಕೋಣೆಯ ಸ್ಥಿತಿ ಸುಧಾರಿಸುವುದು ಅಪರೂಪ, ಏಕೆಂದರೆ ಅಡ್ಡಿ ಇರುವುದು ರಸ್ತೆಯಿಂದ ಬರುವ ತಂತಿಯಲ್ಲಲ್ಲ, ಮನೆಯೊಳಗಿನ ಗೋಡೆಗಳಲ್ಲಿ.

ಅದು ನಿಜವೇ ಎಂದು ಖಚಿತಪಡಿಸಿಕೊಳ್ಳಲು, ಬೇರೇನನ್ನೂ ಮುಟ್ಟುವ ಮೊದಲು, ತಂತಿಯ ಮೂಲಕ ಎಷ್ಟು ವೇಗ ಬರುತ್ತಿದೆ ಎಂದು ನೋಡಬೇಕು. ಈಗ ಕೊಡುವ ಪೆಟ್ಟಿಗೆಗಳಲ್ಲಿ ಬಹುಪಾಲು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತವೆ: ಫೈಬರಿನಲ್ಲಿ ಬೆಳಕಾಗಿ ಬಂದದ್ದನ್ನು ವಿದ್ಯುತ್ ಸಂಕೇತವಾಗಿಸುವ ಓಎನ್‌ಟಿಯೂ ಅದರಲ್ಲೇ ಇರುತ್ತದೆ, ಆ ಸಂಪರ್ಕವನ್ನು ಮನೆಯ ಸಾಧನಗಳಿಗೆ ಹಂಚುವ ರೂಟರೂ ಅದರಲ್ಲೇ ಇರುತ್ತದೆ. ಮುಂಭಾಗದಲ್ಲಿ ‘ಪಾನ್’ (PON) ಎಂಬ ದೀಪ ಮಿನುಗದೆ ಸ್ಥಿರವಾಗಿ ಉರಿಯುತ್ತಿದ್ದರೆ ಹೊರಗಿನ ಸಂಪರ್ಕ ಸರಿಯಿದೆ ಎಂದರ್ಥ. ‘ಲಾಸ್’ (LOS) ಎಂಬ ದೀಪ ಕೆಂಪಾಗಿದ್ದರೆ ಫೈಬರಿನಲ್ಲಿ ಬೆಳಕು ಸಾಕಷ್ಟು ಬರುತ್ತಿಲ್ಲ. ಮರ ಬಿದ್ದು ಎಲ್ಲೋ ಕೇಬಲ್ ತುಂಡಾಗಿರಬಹುದು, ಇಲಿ ಕಡಿದಿರಬಹುದು. ಆಗ ಸೆಟ್ಟಿಂಗುಗಳೊಂದಿಗೆ ಗುದ್ದಾಡದೆ ಸಂಪರ್ಕ ಕೊಟ್ಟವರಿಗೆ ಫೋನ್ ಮಾಡುವುದೊಂದೇ ದಾರಿ.

ದೀಪಗಳು ಸರಿಯಾಗಿದ್ದರೆ ಲ್ಯಾನ್ ಕೇಬಲಿನ ಒಂದು ತುದಿಯನ್ನು ಪೆಟ್ಟಿಗೆಯ ಲ್ಯಾನ್ ಕಿಂಡಿಗೂ ಇನ್ನೊಂದನ್ನು ಲ್ಯಾಪ್‌ಟಾಪಿಗೂ ಸಿಕ್ಕಿಸಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ವೇಗ ಅಳೆಯಬೇಕು. ತೆಳ್ಳನೆಯ ಹೊಸ ಲ್ಯಾಪ್‌ಟಾಪುಗಳಲ್ಲಿ ಲ್ಯಾನ್ ಕಿಂಡಿ ಇರುವುದಿಲ್ಲವಾದ್ದರಿಂದ ಯುಎಸ್‌ಬಿಗೆ ಸಿಕ್ಕಿಸುವ ಅಡಾಪ್ಟರ್ ಬೇಕಾಗುತ್ತದೆ. ಪ್ಲಾನಿನಲ್ಲಿ ಹೇಳಿದ ವೇಗಕ್ಕೆ ಹತ್ತಿರದ ಅಂಕಿ ಬಂದರೆ ಸಂಪರ್ಕ ಕೊಟ್ಟವರ ಕೆಲಸ ಸರಿಯಾಗಿದೆ. ಮುನ್ನೂರರ ಪ್ಲಾನಿನಲ್ಲಿ ಅಂಕಿ 95ರ ಆಸುಪಾಸಿನಲ್ಲೇ ನಿಂತುಬಿಟ್ಟರೆ ಮೊದಲು ಕೇಬಲನ್ನು ಅನುಮಾನಿಸಬೇಕು. ಗಿಗಾಬಿಟ್ ವೇಗಕ್ಕೆ ಕೇಬಲಿನೊಳಗಿನ ಎಂಟು ಎಳೆಗಳೂ ಬೇಕು. ಒಂದು ಎಳೆ ಕಡಿದಿದ್ದರೂ ಅಥವಾ ಪೆಟ್ಟಿಗೆಯ ಕಿಂಡಿಯೇ ಹಳೆಯ ಬಗೆಯದಾಗಿದ್ದರೂ ಸಂಪರ್ಕ 100ಕ್ಕೆ ಇಳಿದು, ಏನೂ ಆಗದಂತೆ ನಡೆಯುತ್ತಿರಬಹುದು. ಇನ್ನು, 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್, ಅಂದರೆ 12.5 ಮೆಗಾಬೈಟ್ ಮಾತ್ರ. ಫೈಲ್ ಇಳಿಸುವಾಗ 12 ಎಂದು ಕಾಣಿಸಿದ್ದನ್ನು ನೋಡಿ ಮೋಸವಾಯಿತೆಂದು ಜಗಳಕ್ಕೆ ನಿಂತವರನ್ನು ನಾನು ಕಂಡಿದ್ದೇನೆ.

ಈಗ ಜಾಗದ ವಿಚಾರ. ಇಂದಿನ ರೂಟರುಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಎರಡನೆಯದರದು ಅದರ ಅರ್ಧಕ್ಕಿಂತಲೂ ಕಡಿಮೆ. 2.4 ನಿಧಾನವಾದರೂ ಗೋಡೆ ದಾಟಿ ದೂರ ಹೋಗುತ್ತದೆ. 5 ವೇಗವಾದರೂ ಒಂದೆರಡು ಗೋಡೆಗೆ ಸೋತು ಸುಣ್ಣವಾಗುತ್ತದೆ. ಗೋಡೆಗಳೂ ಒಂದೇ ಬಗೆಯವಲ್ಲ. ಮರದ ಬಾಗಿಲು, ಹಂಚಿನ ಮಾಡು, ಪ್ಲೈವುಡ್ಡಿನ ಅಡ್ಡಗೋಡೆ ಅಷ್ಟಾಗಿ ತಡೆಯುವುದಿಲ್ಲ. ಇಟ್ಟಿಗೆಯ ಗೋಡೆ ಒಂದಿಷ್ಟು ತಡೆಯುತ್ತದೆ. ಕರಾವಳಿಯ ಮುರಕಲ್ಲಿನ ಗೋಡೆ, ಮಲೆನಾಡಿನ ಹಳೆಯ ಮನೆಗಳ ಮೊಳದಗಲದ ಮಣ್ಣಿನ ಗೋಡೆ, ಬೆಂಗಳೂರಿನ ಹಳೆಯ ಬಡಾವಣೆಗಳ ಸೈಜುಗಲ್ಲಿನ ಗೋಡೆ ಇವೆಲ್ಲ ದಪ್ಪದಿಂದಲೇ ಸಂಕೇತವನ್ನು ನುಂಗುತ್ತವೆ. ಕಬ್ಬಿಣದ ಸರಳು ಹೆಣೆದ ತಾರಸಿ ಅದಕ್ಕಿಂತ ಕಷ್ಟ. ಎಲ್ಲಕ್ಕಿಂತ ಕೆಟ್ಟದ್ದು ಲೋಹ ಮತ್ತು ನೀರು: ಉಕ್ಕಿನ ಬೀರು, ಫ್ರಿಜ್ಜು, ದೊಡ್ಡ ಕನ್ನಡಿ, ನೀರು ತುಂಬಿದ ಟ್ಯಾಂಕು. ಮೈಕ್ರೊವೇವ್ ಒಲೆಯೂ ಸುಮಾರು 2.45 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುವುದರಿಂದ ಅಡುಗೆಮನೆಯ ಪಕ್ಕ ರೂಟರ್ ಇಟ್ಟರೆ ಅನ್ನ ಬಿಸಿಮಾಡುವಾಗಲೆಲ್ಲ ಸಂಪರ್ಕ ತಡವರಿಸಬಹುದು.

ನಮ್ಮ ಮನೆ ಪುತ್ತೂರಿನ ಕಡೆಯದು. ಕೆಳಗೆ ಮುರಕಲ್ಲಿನ ಗೋಡೆ, ಮೇಲೆ ತಾರಸಿ, ಅದರ ಮೇಲೆ ನಂತರ ಕಟ್ಟಿಸಿದ ಒಂದು ಕೋಣೆ. ಪೆಟ್ಟಿಗೆ ಜಗಲಿಯ ಮೂಲೆಯಲ್ಲಿ, ಬೀರುವಿನ ಹಿಂದೆ ಇದ್ದಾಗ ಮೇಲಿನ ಕೋಣೆಯಲ್ಲಿ 6 ಎಂಬಿಪಿಎಸ್ ಸಿಗುತ್ತಿತ್ತು. ಅದನ್ನು ಮೆಟ್ಟಿಲಿನ ಬುಡಕ್ಕೆ, ಆಳೆತ್ತರದ ಗೋಡೆಗೆ ತಂದು ನಿಲ್ಲಿಸಿದ ಮೇಲೆ 40 ದಾಟಿತು. ಅದೇ ಪ್ಲಾನು, ಅದೇ ಪೆಟ್ಟಿಗೆ. ಮಹಡಿ ಮನೆಗಳಲ್ಲಿ ಮೆಟ್ಟಿಲಿನ ಜಾಗ ಬಹಳ ಉಪಯುಕ್ತ, ಏಕೆಂದರೆ ಅಲ್ಲಿ ಮಾತ್ರ ತಾರಸಿಯಲ್ಲಿ ಒಂದು ತೆರಪು ಇರುತ್ತದೆ; ಬಾವಿಯ ಬಾಯಿಯ ಹಾಗೆ ಅದರ ಮೂಲಕ ಸಂಕೇತ ಮೇಲೇರುತ್ತದೆ. ಒಂದೇ ಅಂತಸ್ತಿನ ಮನೆಯಾದರೆ ಮನೆಯ ನಡುಭಾಗದಲ್ಲಿ, ನೆಲದಿಂದ ಐದಾರು ಅಡಿ ಎತ್ತರದಲ್ಲಿ, ಸುತ್ತ ಬಯಲಾಗಿರುವಂತೆ ಇಡಬೇಕು. ಅಂದಗೆಡುತ್ತದೆಂದು ಟಿವಿ ಕಪಾಟಿನೊಳಗೆ ಮುಚ್ಚಿಡುವ ಅಭ್ಯಾಸ ಬಿಡಬೇಕು. ತೊಟ್ಟಿಮನೆಯಿದ್ದರೆ ತೊಟ್ಟಿಯ ಕಡೆಗೆ ಮುಖಮಾಡಿ ಇಟ್ಟರೆ ನಾಲ್ಕೂ ಪಡಸಾಲೆಗಳಿಗೆ ಅಂಗಳದ ಗಾಳಿಯ ಮೂಲಕವೇ ತಲುಪುತ್ತದೆ.

ಪೆಟ್ಟಿಗೆಯನ್ನು ಸರಿಸುವಾಗ ಫೈಬರ್ ಕೇಬಲನ್ನು ನಾವೇ ಎಳೆದಾಡಬಾರದು. ಅದರೊಳಗಿರುವುದು ಗಾಜಿನ ಎಳೆ. ಬಾಗಿಲ ಸಂದಿಯಲ್ಲಿ ಚಪ್ಪಟೆಯಾಗುವಂತೆ ಮಡಚಿದರೆ ಬೆಳಕು ಸೋರಿಹೋಗುತ್ತದೆ. ತುದಿಯನ್ನು ಕಳಚಿ ಕಣ್ಣಿನ ಹತ್ತಿರ ಹಿಡಿದು ನೋಡುವುದಂತೂ ಸಲ್ಲದು, ಏಕೆಂದರೆ ಅದರಲ್ಲಿ ಹರಿಯುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ. ಕೇಬಲ್ ಹಾಕುವ ದಿನವೇ ಜೊತೆಗಿದ್ದು, ಇನ್ನೊಂದು ಹತ್ತು ಮೀಟರ್ ಉದ್ದ ಬಿಟ್ಟು ನಾವು ಹೇಳಿದ ಜಾಗಕ್ಕೆ ತರುವಂತೆ ಕೇಳಿಕೊಳ್ಳುವುದು ಒಳ್ಳೆಯದು. ಆ ದಿನ ಸುಲಭವಾಗಿ ಆಗುವ ಕೆಲಸಕ್ಕೆ ಮುಂದೆ ಹತ್ತು ಸಲ ಫೋನ್ ಮಾಡಬೇಕಾಗುತ್ತದೆ.

ಜಾಗ ನಿಶ್ಚಯವಾದ ಮೇಲೆ ಸೆಟ್ಟಿಂಗ್. ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಒಂದು ವಿಳಾಸ, ಒಂದು ಹೆಸರು, ಒಂದು ಪಾಸ್‌ವರ್ಡ್ ಇರುತ್ತವೆ. ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಲ್ಯಾಪ್‌ಟಾಪನ್ನು ಇನ್ನೂ ಕೇಬಲಿನಲ್ಲೇ ಇಟ್ಟುಕೊಂಡು, ಬ್ರೌಸರಿನ ವಿಳಾಸಪಟ್ಟಿಯಲ್ಲಿ ಆ ಅಂಕಿಗಳನ್ನು ಬರೆದರೆ ರೂಟರಿನ ಪುಟ ತೆರೆದುಕೊಳ್ಳುತ್ತದೆ. ವೈಫೈ ಮೂಲಕವೇ ಈ ಕೆಲಸ ಮಾಡಲು ಹೋದರೆ ಹೆಸರು ಬದಲಾಯಿಸಿದ ಮರುಕ್ಷಣ ಸಂಪರ್ಕ ಕಡಿದು, ಕೂತ ಕೊಂಬೆಯನ್ನೇ ಕಡಿದುಕೊಂಡಂತಾಗುತ್ತದೆ.

ಅಲ್ಲಿ ಮೊದಲು ಬದಲಾಯಿಸಬೇಕಾದದ್ದು ವೈಫೈ ಪಾಸ್‌ವರ್ಡನ್ನಲ್ಲ, ಆ ಪುಟಕ್ಕೆ ಪ್ರವೇಶಿಸುವ ಅಡ್ಮಿನ್ ಪಾಸ್‌ವರ್ಡನ್ನು. ಎಷ್ಟೋ ಮನೆಗಳಲ್ಲಿ ಅದು ತಯಾರಕರು ಇಟ್ಟ ಹಾಗೆಯೇ ಇರುತ್ತದೆ. ಮನೆಗೆ ಬಂದ ಅತಿಥಿಯ ಫೋನಿನಿಂದಲೂ ಅದನ್ನು ತೆರೆಯಬಹುದು. ಆಮೇಲೆ ವೈಫೈಗೆ ಒಂದು ಹೆಸರು ಕೊಡಬೇಕು. ಮನೆಯ ನಂಬರು, ಯಜಮಾನರ ಹೆಸರು ಅದರಲ್ಲಿರಬಾರದು, ಏಕೆಂದರೆ ಆ ಹೆಸರು ಬೀದಿಯಲ್ಲಿ ಹೋಗುವವರಿಗೂ ಕಾಣಿಸುತ್ತದೆ. ಭದ್ರತೆಯ ಬಗೆಯಲ್ಲಿ ಡಬ್ಲ್ಯೂಪಿಎ3 ಇದ್ದರೆ ಅದನ್ನು, ಹಳೆಯ ಲ್ಯಾಪ್‌ಟಾಪ್ ಅದಕ್ಕೆ ಒಗ್ಗದಿದ್ದರೆ ಡಬ್ಲ್ಯೂಪಿಎ2, ಡಬ್ಲ್ಯೂಪಿಎ3 ಎರಡೂ ಸೇರಿದ ಆಯ್ಕೆಯನ್ನು, ಅದೂ ಇಲ್ಲದಿದ್ದರೆ ಡಬ್ಲ್ಯೂಪಿಎ2 ಅನ್ನು ಆರಿಸಬೇಕು. ಡಬ್ಲ್ಯೂಇಪಿ ಎಂಬ ಹಳೆಯ ಬಗೆಯ ದೌರ್ಬಲ್ಯ 2001ರಲ್ಲೇ ಬಯಲಾಗಿದೆ. ಅದನ್ನು ಇಟ್ಟುಕೊಳ್ಳುವುದೆಂದರೆ ಚಿಲಕ ಹಾಕದ ಬಾಗಿಲಿಗೆ ಪರದೆ ಕಟ್ಟಿದಂತೆ. ಪಾಸ್‌ವರ್ಡಿನಲ್ಲಿ 8ರಿಂದ 63 ಅಕ್ಷರಗಳಿಗೆ ಅವಕಾಶವಿದೆ. ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿಕೊಳ್ಳುವುದು ನಮ್ಮಲ್ಲಿ ಬಹಳ ಇದೆ. ಹತ್ತೇ ಅಂಕಿಗಳಾದ್ದರಿಂದ ಯಂತ್ರ ಅದನ್ನು ಬೇಗ ಊಹಿಸುತ್ತದೆ. ಅದರ ಬದಲು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ಬರೆದರೆ, ಉದಾಹರಣೆಗೆ ಒಂದು ತರಕಾರಿ, ಒಂದು ಪಾತ್ರೆ, ಒಂದು ಹಕ್ಕಿ, ಒಂದು ಸಂಖ್ಯೆಯ ಹೆಸರು, ಮನೆಯವರಿಗೆ ನೆನಪಿಡಲೂ ಸುಲಭ, ಹೊರಗಿನವರಿಗೆ ಊಹಿಸಲೂ ಕಷ್ಟ. ಪಾಸ್‌ವರ್ಡ್ ಬರೆಯದೆ ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ಜೋಡಿಸುವ ಡಬ್ಲ್ಯೂಪಿಎಸ್ ಎಂಬ ಸೌಕರ್ಯವಿದ್ದರೆ ಆಫ್ ಮಾಡಿಬಿಡಬೇಕು. ಅದರ ಎಂಟಂಕಿಯ ಪಿನ್ ಎರಡು ತುಂಡುಗಳಾಗಿ ಪರೀಕ್ಷೆಯಾಗುವುದರಿಂದ ಹೆಚ್ಚೆಂದರೆ 11,000 ಪ್ರಯತ್ನಗಳಲ್ಲಿ ಸಿಕ್ಕಿಬಿಡುತ್ತದೆ ಎಂಬುದು 2011ರಲ್ಲೇ ಗೊತ್ತಾಗಿದೆ.

ಎರಡು ತರಂಗಪಟ್ಟಿಗಳಿಗೂ ಒಂದೇ ಹೆಸರು ಕೊಡಬೇಕೇ, ಬೇರೆ ಬೇರೆ ಹೆಸರು ಕೊಡಬೇಕೇ ಎಂಬುದರಲ್ಲಿ ಅಭಿಪ್ರಾಯಭೇದವಿದೆ. ಒಂದೇ ಹೆಸರಿದ್ದರೆ ಲ್ಯಾಪ್‌ಟಾಪ್ ತಾನೇ ಆರಿಸಿಕೊಳ್ಳುತ್ತದೆ, ಆದರೆ ಎಷ್ಟೋ ಸಲ ರೂಟರಿನ ಎದುರೇ ಕೂತಿದ್ದರೂ 2.4 ಅನ್ನೇ ಹಿಡಿದುಕೊಂಡಿರುತ್ತದೆ. ಲ್ಯಾಪ್‌ಟಾಪ್ ಒಂದೇ ಕಡೆ ಇರುವ ಮನೆಯಲ್ಲಿ ಎರಡಕ್ಕೂ ಬೇರೆ ಹೆಸರಿಟ್ಟು, ಎರಡನ್ನೂ ಕೂರುವ ಜಾಗದಲ್ಲಿ ಅಳೆದು, ಗೆದ್ದದ್ದನ್ನು ಉಳಿಸಿಕೊಳ್ಳುವುದು ನನಗೆ ಸರಿ ಕಾಣುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿಗೆ ನಮ್ಮ ದೇಶದಲ್ಲಿ 2005ರಿಂದ ಪರವಾನಗಿ ಬೇಕಿಲ್ಲವಾದ್ದರಿಂದ ಅಪಾರ್ಟ್‌ಮೆಂಟುಗಳಲ್ಲಿ ಅದು ಸಂತೆಯಾಗಿರುತ್ತದೆ. ಅಲ್ಲಿ ಚಾನೆಲ್, ಅಂದರೆ ಪಟ್ಟಿಯೊಳಗಿನ ಓಣಿ, ಆರಿಸುವುದಾದರೆ 1, 6, 11 ಇವುಗಳಲ್ಲಿ ಒಂದನ್ನೇ ಆರಿಸಬೇಕು, ಏಕೆಂದರೆ ನಡುವಿನ ಚಾನೆಲುಗಳು ಎರಡೂ ಕಡೆಯ ಗದ್ದಲವನ್ನು ಮೈಮೇಲೆ ಎಳೆದುಕೊಳ್ಳುತ್ತವೆ. ಹಳ್ಳಿಯ ಒಂಟಿಮನೆಗೆ ಈ ಚಿಂತೆ ಬೇಡ.

ಲ್ಯಾಪ್‌ಟಾಪನ್ನು ಜೋಡಿಸುವುದು ಎರಡು ನಿಮಿಷದ ಕೆಲಸ: ಕೇಬಲ್ ತೆಗೆದು, ವೈಫೈ ಚಿಹ್ನೆಯನ್ನು ಒತ್ತಿ, ಹೆಸರನ್ನು ಆರಿಸಿ, ಪಾಸ್‌ವರ್ಡ್ ಕೊಡಬೇಕು. 5 ಗಿಗಾಹರ್ಟ್ಸ್‌ನ ಹೆಸರು ಫೋನಿನಲ್ಲಿ ಕಂಡು ಲ್ಯಾಪ್‌ಟಾಪಿನಲ್ಲಿ ಕಾಣದಿದ್ದರೆ ಅದರ ವೈಫೈ ಕಾರ್ಡು 2.4 ಮಾತ್ರ ಬಲ್ಲ ಹಳೆಯ ಬಗೆಯದಿರಬಹುದು. ಎರಡೂ ಪಟ್ಟಿ ಬಲ್ಲ ಯುಎಸ್‌ಬಿ ಅಡಾಪ್ಟರನ್ನು ಸಿಕ್ಕಿಸಿದರೆ ಹೊಸ ಲ್ಯಾಪ್‌ಟಾಪಿನ ಖರ್ಚು ಉಳಿಯುತ್ತದೆ. ಯಾವ ಹೆಸರೂ ಕಾಣದಿದ್ದರೆ ಕೀಲಿಮಣೆಯ ಮೇಲಿನ ಸಾಲಿನಲ್ಲಿರುವ ವಿಮಾನದ ಚಿತ್ರದ ಕೀಲಿಯನ್ನು ಯಾರೋ ಒತ್ತಿರುತ್ತಾರೆ, ಮಕ್ಕಳಿರುವ ಮನೆಯಲ್ಲಂತೂ.

ಇಷ್ಟಾದರೂ ಒಂದು ಕೋಣೆಗೆ ಸಂಕೇತ ತಲುಪದೇ ಹೋಗಬಹುದು. ಆಗ ಅಂಗಡಿಯವರು ಮೊದಲು ತೋರಿಸುವುದು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ರಿಪೀಟರನ್ನು. ಅದು ರೂಟರಿನ ಮಾತನ್ನು ಕೇಳಿ ತಿರುಗಿ ಹೇಳುವ ಸಾಧನ. ಕೇಳುವುದೂ ಹೇಳುವುದೂ ಒಂದೇ ಪಟ್ಟಿಯಲ್ಲಾದರೆ ವೇಗ ಸುಮಾರು ಅರ್ಧವಾಗುತ್ತದೆ. ಸಂಕೇತ ಸತ್ತ ಕೋಣೆಯಲ್ಲೇ ಅದನ್ನು ಸಿಕ್ಕಿಸಿದರೆ ಕೇಳಿಸದ್ದನ್ನೇ ಜೋರಾಗಿ ಹೇಳುತ್ತದೆ ಅಷ್ಟೆ; ಹಾಕಲೇಬೇಕಾದರೆ ನಡುದಾರಿಯಲ್ಲಿ ಹಾಕಬೇಕು. ನನ್ನ ಆಯ್ಕೆ ಬೇರೆ: ಮೊದಲ ಪೆಟ್ಟಿಗೆಯಿಂದ ಆ ಕೋಣೆಗೆ ಒಂದು ಲ್ಯಾನ್ ಕೇಬಲ್ ಎಳೆದು, ತುದಿಯಲ್ಲಿ ಇನ್ನೊಂದು ರೂಟರನ್ನು ಆಕ್ಸೆಸ್ ಪಾಯಿಂಟ್ ಎಂಬ ಸ್ಥಿತಿಯಲ್ಲಿ, ಅಂದರೆ ಕೇಬಲಿನಲ್ಲಿ ಬಂದದ್ದನ್ನು ವೈಫೈಯಾಗಿ ಹರಡುವುದಕ್ಕಷ್ಟೇ, ನಿಲ್ಲಿಸುವುದು. ಕೇಬಲ್ 100 ಮೀಟರಿನವರೆಗೂ ವೇಗ ಕಳೆದುಕೊಳ್ಳದೆ ಒಯ್ಯುತ್ತದೆ, ತೋಟದ ಮನೆಗೂ ಸಾಕಾಗುವಷ್ಟು. ಅಟ್ಟದಲ್ಲಿ ಬಿದ್ದಿರುವ ಹಳೆಯ ರೂಟರೇ ಇದಕ್ಕೆ ಆಗುತ್ತದೆ. ಅದರಲ್ಲಿ ಈ ಆಯ್ಕೆ ಇಲ್ಲದಿದ್ದರೆ, ಅದರ ವಿಳಾಸವನ್ನು ಮೊದಲ ರೂಟರ್ ಬೇರೆ ಯಾವುದಕ್ಕೂ ಹಂಚದ ಒಂದು ಸಂಖ್ಯೆಗೆ, ಅಂದರೆ 192.168.1.2ರಂಥದಕ್ಕೆ, ಬದಲಿಸಿ, ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ಹೊರಗಿನ ಸಂಪರ್ಕಕ್ಕೆಂದು ಇರುವ ವ್ಯಾನ್ ಕಿಂಡಿಗಲ್ಲ, ಲ್ಯಾನ್ ಕಿಂಡಿಗೆ ಸಿಕ್ಕಿಸಬೇಕು. ಡಿಎಚ್‌ಸಿಪಿ ಎಂದರೆ ಸಾಧನಗಳಿಗೆ ವಿಳಾಸ ಹಂಚುವ ಕೆಲಸ. ಒಂದು ಮನೆಯಲ್ಲಿ ಅದನ್ನು ಇಬ್ಬರು ಮಾಡಿದರೆ ಎರಡು ಬಾಗಿಲಿಗೆ ಒಂದೇ ನಂಬರು ಬರೆದಂತಾಗಬಹುದು.

ಕೊನೆಯದಾಗಿ ಕರೆಂಟು ಮತ್ತು ಸಿಡಿಲು. ಲ್ಯಾಪ್‌ಟಾಪಿಗೆ ಬ್ಯಾಟರಿಯಿದ್ದರೂ ರೂಟರಿಗೆ ಇಲ್ಲ. ಬಹುತೇಕ ರೂಟರುಗಳು 12 ವೋಲ್ಟಿನ ಡಿಸಿಯಲ್ಲಿ ನಡೆಯುವುದರಿಂದ ಅದಕ್ಕೆಂದೇ ಸಿಗುವ ಪುಟ್ಟ ಯುಪಿಎಸ್ ಸಾಕು; ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರನ್ನು ಹೋಲಿಸಿ ನೋಡಬೇಕು. ಫೈಬರಿನ ಗಾಜು ಸಿಡಿಲಿನ ವಿದ್ಯುತ್ತನ್ನು ತರುವುದಿಲ್ಲ, ಆದರೆ ಪೆಟ್ಟಿಗೆಯ ಅಡಾಪ್ಟರಿರುವ ಪ್ಲಗ್ಗೂ ಎರಡು ಕಟ್ಟಡಗಳ ನಡುವೆ ಹೊರಗೆ ಎಳೆದ ತಾಮ್ರದ ಲ್ಯಾನ್ ಕೇಬಲೂ ತರುತ್ತವೆ. ಏಪ್ರಿಲ್ ಮೇ ತಿಂಗಳ ಸಂಜೆ ದೂರದಲ್ಲಿ ಗುಡುಗತೊಡಗಿದಾಗಲೇ ಇವೆರಡನ್ನೂ ಕಳಚಿಡಬೇಕು. ನಮ್ಮಲ್ಲಿ ಒಂದು ಮಳೆಗಾಲದ ಮೊದಲ ಸಿಡಿಲಿಗೆ ರೂಟರಿನ ನಾಲ್ಕು ಕಿಂಡಿಗಳಲ್ಲಿ ಮೂರು ಸತ್ತವು. ಉಳಿದ ಒಂದರಲ್ಲೇ ಈಗಲೂ ಮೇಲಿನ ಕೋಣೆಯ ಕೇಬಲ್ ಇದೆ.