ಹಿರಿಯರನ್ನು ವಿಮಾನದಲ್ಲಿ ಕಾಶಿಗೆ ಕರೆದುಕೊಂಡು ಹೋಗ್ತೀರಾ? ಹೀಗೆ ತಯಾರಾಗಿ

ನಮ್ಮ ದಾವಣಗೆರೆ ಕಡೆ ಮೆಕ್ಕೆಜೋಳ ಮಾರಿ ಕೈ ಸ್ವಲ್ಪ ಬಿಡುವಾದರೆ ಸಾಕು, ಹಿರಿಯರ ಬಾಯಲ್ಲಿ ಕಾಶಿ ಮಾತು ಶುರು. ರೈಲಿನಲ್ಲಿ ದಿನಗಟ್ಟಲೆ ಕೂರಲು ಅವರ ಮೊಣಕಾಲು ಕೇಳುವುದಿಲ್ಲ. ಬೆಂಗಳೂರಿನಿಂದ ನೇರ ವಿಮಾನವಾದರೆ ಸುಮಾರು ಎರಡೂವರೆ ತಾಸು. ಆದರೆ ವಯಸ್ಸಾದವರಿಗೆ ಸುಸ್ತಾಗುವುದು ವಿಮಾನದೊಳಗಲ್ಲ, ಅದಕ್ಕೆ ಮುಂಚೆ ಮತ್ತು ಇಳಿದ ಮೇಲೆ. ಹಾಗಾಗಿ ಟಿಕೆಟ್ ರೇಟು ನೋಡುವ ಮೊದಲು ಅವರು ಎಷ್ಟು ದೂರ ನಡೆಯಬಲ್ಲರು ಅಂತ ನೋಡಿ.

ಮೊದಲು ದಿನ ಗೊತ್ತುಮಾಡಿ. ನಮ್ಮ ಕ್ಯಾಲೆಂಡರ್ ಒಂದನ್ನೇ ನಂಬಬೇಡಿ. ಅಲ್ಲಿ ತಿಂಗಳು ಹುಣ್ಣಿಮೆಯ ಮರುದಿನ ಶುರುವಾಗುತ್ತದೆ, ನಮ್ಮಲ್ಲಿ ಅಮಾವಾಸ್ಯೆಯ ಮರುದಿನ. ಆಷಾಢದಲ್ಲಿ ಜನ ಕಡಿಮೆ ಅಂತ ಹುಣ್ಣಿಮೆ ಕಳೆದು ಹೊರಟರೆ ಅಲ್ಲಿ ಆಗಲೇ ಶ್ರಾವಣ ಬಂದಿರುತ್ತದೆ, ಶಿವನಿಗೆ ಗಂಗಾಜಲದ ಕಾವಡಿ ಹೊತ್ತವರ ಸಾಲು ಬೀದಿ ತನಕ ನಿಂತಿರುತ್ತದೆ. ಸೋಮವಾರ, ಶಿವರಾತ್ರಿ, ಕಾರ್ತಿಕ ಹುಣ್ಣಿಮೆ ದಿನಗಳೂ ಹಾಗೇ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಮಂಜಿಗೆ ವಿಮಾನ ತಡವಾಗುವುದು ಮಾಮೂಲು. ಆ ತಿಂಗಳುಗಳಲ್ಲಿ ಮಧ್ಯಾಹ್ನದ ವಿಮಾನವನ್ನೇ ಹಿಡಿಯಿರಿ. ವಾಪಸ್ ಬರುವ ದಿನವೇ ದಾವಣಗೆರೆಗೆ ರಾತ್ರಿ ರೈಲು ಬುಕ್ ಮಾಡಿಡಬೇಡಿ.

ಆಮೇಲೆ ಟಿಕೆಟ್. ಆಧಾರ್‌ನಲ್ಲಿ ಹೆಸರು ಹೇಗಿದೆಯೋ ಅಕ್ಷರ ಬಿಡದೆ ಹಾಗೇ ಹಾಕಿ. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಆಧಾರ್‌ನಲ್ಲಿ ಇರುವುದು ಒಂದೇ ಹೆಸರು, ಬುಕಿಂಗ್ ಫಾರ್ಮ್ ಮಾತ್ರ ಎರಡನೇ ಹೆಸರು ಕೇಳುತ್ತದೆ. ಸುಮ್ನೆ ಏನೋ ಒಂದು ತುಂಬಬೇಡಿ, ದುಡ್ಡು ಕಟ್ಟುವ ಮೊದಲೇ ವಿಮಾನ ಕಂಪನಿಗೆ ಫೋನ್ ಮಾಡಿ ಏನು ಹಾಕಬೇಕು ಅಂತ ಕೇಳಿ. ಅದೇ ಫೋನಿನಲ್ಲಿ ಗಾಲಿಕುರ್ಚಿಯನ್ನೂ ಹೇಳಿಬಿಡಿ. ಸಿಬ್ಬಂದಿಯೇ ತಳ್ಳಿಕೊಂಡು ಹೋಗುತ್ತಾರೆ, ತಪಾಸಣೆಯ ಸರದಿಯಲ್ಲಿ ಹಿರಿಯರು ನಿಲ್ಲಬೇಕಾಗಿಲ್ಲ. 'ನನಗೇನು ಕಾಲಿಲ್ವಾ' ಅಂತ ಅವರು ಬೇಜಾರು ಮಾಡಿಕೊಳ್ಳಬಹುದು, ಮನೆಯಲ್ಲೇ ಮೊದಲು ಮಾತಾಡಿ ಒಪ್ಪಿಸಿ.

ಏರ್‌ಪೋರ್ಟಿಗೆ ಕಾರಿನಲ್ಲಿ ಹೋಗುವವರು ಬೆಂಗಳೂರಿನೊಳಗೆ ನುಗ್ಗುವುದೇ ಬೇಡ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಊಟ, ಟೀ ಸೇರಿ ಆರು ತಾಸು ಇಟ್ಟುಕೊಳ್ಳಿ. ಟರ್ಮಿನಲ್ ಒಂದೋ ಎರಡೋ ಟಿಕೆಟ್‌ನಲ್ಲಿ ನೋಡಿ. ವಿಮಾನ ಹೊರಡುವ ಒಂದು ತಾಸು ಮೊದಲೇ ಕೌಂಟರ್ ಮುಚ್ಚುತ್ತಾರೆ, ಎರಡು ತಾಸು ಮುಂಚೆ ಅಲ್ಲಿದ್ದರೆ ನೆಮ್ಮದಿ.

ಬ್ಯಾಗು ಕಟ್ಟುವಾಗ ಪೂಜೆ ಸಾಮಾನಿನ ಕಡೆ ಗಮನ ಇರಲಿ. ಕರ್ಪೂರ, ಬೆಂಕಿಪೊಟ್ಟಣ ಯಾವ ಬ್ಯಾಗಿಗೂ ಬೇಡ. ಒಣಕೊಬ್ಬರಿಯೂ ಬೇಡ, ಎಣ್ಣೆ ಜಾಸ್ತಿ ಇರುವುದರಿಂದ ಅದೂ ಬೆಂಕಿ ಹಿಡಿಯುವ ವಸ್ತುವಿನ ಲೆಕ್ಕಕ್ಕೇ ಬರುತ್ತದೆ. ನಮ್ಮವ್ವ ವಿಭೂತಿ ಗಟ್ಟಿ ಜೊತೆ ಕರ್ಪೂರದ ಪೊಟ್ಟಣವನ್ನೂ ಅರಿವೆಯಲ್ಲಿ ಸುತ್ತಿ ಕೈಚೀಲದ ತಳದಲ್ಲಿ ಇಟ್ಟುಕೊಂಡಿದ್ದಳು. ತಪಾಸಣೆಯವರು ಗಂಟು ಬಿಚ್ಚಿ, ವಿಭೂತಿಯನ್ನು ಎರಡೂ ಕೈಯಲ್ಲಿ ವಾಪಸ್ ಕೊಟ್ಟರು, ಕರ್ಪೂರ ಇಟ್ಟುಕೊಂಡರು. ವಿಮಾನ ಹತ್ತುವವರೆಗೂ ಅವ್ವ ಮಾತಾಡಲಿಲ್ಲ. ಮೊದಲೇ ಹೇಳಿದ್ದರೆ ಆಕೆಗೆ ಆ ನೋವು ಆಗುತ್ತಿರಲಿಲ್ಲ. ತುಪ್ಪ, ಉಪ್ಪಿನಕಾಯಿ, ಚಟ್ನಿಪುಡಿ ದೊಡ್ಡ ಬ್ಯಾಗಿಗೆ ಹಾಕಿ. ಪವರ್ ಬ್ಯಾಂಕ್ ಮತ್ತು ದಿನದ ಮಾತ್ರೆ ಮಾತ್ರ ಕೈಚೀಲದಲ್ಲೇ ಇರಲಿ.

ವಾರಾಣಸಿಯ ವಿಮಾನ ನಿಲ್ದಾಣ ಇರುವುದು ಬಾಬತ್‌ಪುರದಲ್ಲಿ, ಊರಿನಿಂದ ಸುಮಾರು 25 ಕಿ.ಮೀ. ಉಳಿಯಲು ಜಂಗಮವಾಡಿ ಮಠ ನಮ್ಮ ಜನರಿಗೆ ಹತ್ತಿರದ್ದು, ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ. ಗುಡಿ ಹತ್ತಿರದ ಗೊದೌಲಿಯಾ ಸರ್ಕಲ್‌ನಿಂದ ಘಾಟ್ ಕಡೆಗೆ ಹೆಚ್ಚಾಗಿ ಕಾರು ಬಿಡುವುದಿಲ್ಲ, ನಡೆಯುವುದು ಶುರುವಾಗುವುದು ಅಲ್ಲಿಂದ. ಹಿರಿಯರಿದ್ದರೆ ರೂಮು ಅದರ ಆಸುಪಾಸಿನಲ್ಲೇ ಇರಲಿ, ನೂರಿನ್ನೂರು ಜಾಸ್ತಿ ಆದರೂ ಪರವಾಗಿಲ್ಲ. ವಿಶ್ವನಾಥನ ಗುಡಿಯೊಳಗೆ ಮೊಬೈಲ್ ಬಿಡುವುದಿಲ್ಲ, ರೂಮಿನಲ್ಲೇ ಇಟ್ಟು ಹೋಗಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ದುಡ್ಡು ಕೊಟ್ಟು ಉದ್ದ ಸರದಿ ತಪ್ಪಿಸುವ ಸುಗಮ ದರ್ಶನದ ಟಿಕೆಟ್ ದೇವಸ್ಥಾನದ ವೆಬ್‌ಸೈಟಿನಲ್ಲಿ ಸಿಗುತ್ತದೆ, ವಯಸ್ಸಾದವರಿಗೆ ಕೊಡಿಸಿ.

ಬರುವಾಗ ಗಂಗೆಯ ಗಿಂಡಿ ತರದೆ ಇರುತ್ತೀರಾ? ಬಾಯಿಗೆ ಬೆಸುಗೆ ಹಾಕಿದ್ದನ್ನೇ ಕೊಂಡುಕೊಳ್ಳಿ. ಅಂಗಡಿಯಲ್ಲೇ ತಲೆಕೆಳಗೆ ಹಿಡಿದು ಒಂದು ನಿಮಿಷ ನೋಡಿ, ತೊಟ್ಟಿಕ್ಕಿದರೆ ಬೇರೆ ಕೇಳಿ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸೀರೆ ಮಡಿಕೆಯ ನಡುವೆ ಇಟ್ಟು ದೊಡ್ಡ ಬ್ಯಾಗಿಗೆ ಹಾಕಿ.