ಪಂಖಾದ ಕೆಳಗೆ ಬಾವಲಿ ಎಣಿಕೆ

ವಿದ್ಯುತ್ ತಯಾರಿಸುವ ಗಾಳಿಯಂತ್ರದ ಪಂಖಾಕ್ಕೆ ಬಡಿದು ಎಷ್ಟು ಹಕ್ಕಿ, ಬಾವಲಿ ಸತ್ತಿವೆ ಎಂದು ಎಣಿಸುವ ಬಗೆ ಇದು. ಸಮುದ್ರದಲ್ಲಿ ನಿಲ್ಲಿಸಿದ ಯಂತ್ರಕ್ಕೆ ಬಡಿದ ಹಕ್ಕಿ ನೀರಿಗೆ ಬೀಳುತ್ತದೆ, ಕೈಗೆ ಸಿಗುವುದಿಲ್ಲ. ಅಲ್ಲಿ ರಾಡಾರ್, ಕ್ಯಾಮೆರಾಗಳೇ ಗತಿ. ನಮ್ಮ ಕಲಬುರಗಿ ಸೀಮೆಯಲ್ಲಿ ಅದು ತೊಗರಿ ಹೊಲಕ್ಕೆ ಬೀಳುತ್ತದೆ, ಹುಡುಕಿದರೆ ಸಿಗುತ್ತದೆ. ಆದರೆ ಸಿಕ್ಕಷ್ಟೇ ಸತ್ತಿವೆ ಎಂದು ಬರೆದರೆ ಇಡೀ ಎಣಿಕೆಯೇ ಸುಳ್ಳಾಗುತ್ತದೆ.

ಬಾವಲಿಗಾದರೆ ಕಂಬದ ಸುತ್ತ 60 ಮೀಟರ್ ಹುಡುಕುತ್ತೇನೆ. ಹದ್ದು, ಸೆಳೆವಗಳಂಥ ದೊಡ್ಡ ಹಕ್ಕಿಗೆ 100 ಮೀಟರ್. 5 ಮೀಟರ್‌ಗೊಂದು ಸಾಲು ಹಿಡಿದು ನಿಧಾನ ನಡೆಯಬೇಕು. ನಸುಕಿನಲ್ಲೇ ಶುರು ಮಾಡಬೇಕು, ಬಿಸಿಲೇರುವಷ್ಟರಲ್ಲಿ ಕಾಗೆ, ಮುಂಗುಸಿ, ನಾಯಿಗಳು ಎತ್ತಿಕೊಂಡು ಹೋಗಿರುತ್ತವೆ. ಒಣಗಿ ಮುದುಡಿದ ಬಾವಲಿಗೂ ಎರೆ ಮಣ್ಣಿನ ಹೆಂಟೆಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಕಣ್ಣಿಗಿಂತ ಮೊದಲು ನೊಣದ ಸದ್ದು, ಇರುವೆಯ ಸಾಲು ಸುಳಿವು ಕೊಡುತ್ತವೆ. ಸಿಕ್ಕಿದ್ದನ್ನು ಮುಟ್ಟುವ ಮೊದಲು ಫೋಟೊ, ಜಿಪಿಎಸ್ ಬಿಂದು, ಕಂಬದಿಂದ ದೂರ, ದಿಕ್ಕು ಇಷ್ಟೂ ಬರೆದುಕೊಳ್ಳಬೇಕು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಎತ್ತಬಾರದು. ಬರಿಗೈಯಲ್ಲಂತೂ ಬೇಡ, ಬಾವಲಿಯಿಂದ ರೋಗ ತಗಲುವ ಭಯವಿದೆ.

ಇನ್ನು ಎರಡು ಪರೀಕ್ಷೆಗಳು. ಇವನ್ನು ಬಿಟ್ಟ ವರದಿಯನ್ನು ನಾನು ಒಪ್ಪುವುದಿಲ್ಲ. ಒಂದು, ಹುಡುಕುವವರ ಕಣ್ಣಿನ ಪರೀಕ್ಷೆ. ಅವರಿಗೆ ತಿಳಿಸದೆ, ಕಾಲಿಗೆ ದಾರ ಕಟ್ಟಿದ ಸತ್ತ ಇಲಿಗಳನ್ನು ಹೊಲದಲ್ಲಿ ಇಟ್ಟು ಎಷ್ಟು ಸಿಕ್ಕವು ನೋಡುವುದು. ಹಳದಿ ಕೋಳಿಮರಿ ಬೇಡ, ದೂರದಿಂದಲೇ ಕಾಣುತ್ತದೆ; ಕಂದು ಇಲಿಯೇ ಸರಿ. ಇದನ್ನು ಹಂಗಾಮಿಗೊಮ್ಮೆ ಮಾಡಲೇಬೇಕು. ಜುಲೈನಲ್ಲಿ ಗೇಣುದ್ದದ ತೊಗರಿಯಲ್ಲಿ ಸಿಕ್ಕಂತೆ, ಆಳೆತ್ತರ ಬೆಳೆದು ಹೂ ಬಿಟ್ಟ ನವೆಂಬರಿನಲ್ಲಿ ಸಿಗುವುದಿಲ್ಲ. ಎರಡನೆಯದು, ಕಳೇಬರ ಎಷ್ಟು ದಿನ ಉಳಿಯುತ್ತದೆ ಎಂಬುದು. ಕಳೇಬರಗಳನ್ನು ಕೈಗವಸು ಹಾಕಿ ಇಡಬೇಕು. 1, 2, 3, 5, 7, 10, 14ನೇ ದಿನ ಹೋಗಿ ನೋಡಬೇಕು. ಒಂದೇ ಸಲ ಹತ್ತಾರು ಇಟ್ಟರೆ ನಾಯಿಗಳಿಗೆ ಹೊಟ್ಟೆ ತುಂಬಿ ಉಳಿದವು ಹಾಗೇ ಬಿದ್ದಿರುತ್ತವೆ, ಲೆಕ್ಕ ಕೆಡುತ್ತದೆ. ಎರಡು ಮೂರು ಸಾಕು.

ಮಳೆ ಬಿದ್ದರೆ ಎರೆ ಮಣ್ಣು ಬೂಟಿಗೆ ಮೆತ್ತಿಕೊಂಡು ಕಾಲು ಕೀಳಲಾಗುವುದಿಲ್ಲ. 3 ದಿನಕ್ಕೊಮ್ಮೆ ಎಂದಿದ್ದ ಹುಡುಕಾಟದ ಸುತ್ತು 8 ದಿನಕ್ಕೆ ಹೋಗುತ್ತದೆ. ಆಗ ಕಳೇಬರ ಉಳಿಯುವ ಲೆಕ್ಕಕ್ಕೆ ಹಿಡಿಯಬೇಕಾದದ್ದು 8ನ್ನು, 3ನ್ನಲ್ಲ.

ಬೆಳೆ ತುಳಿಯಬಾರದೆಂದು ರೈತರು ಹೇಳಿದರೆ ಕಂಬದ ಅಂಗಳ, ಕಚ್ಚಾ ರಸ್ತೆ ಮಾತ್ರ ಹುಡುಕಬಹುದು, ಅದೂ ಸರಿಯಾದ ಕ್ರಮವೇ. ಆದರೆ ಅದು ವೃತ್ತದ ಹತ್ತನೇ ಒಂದು ಭಾಗವೆಂದು ಸಿಕ್ಕಿದ್ದನ್ನು ಹತ್ತರಿಂದ ಗುಣಿಸುವಂತಿಲ್ಲ. ಬಾವಲಿಗಳು ಕಂಬದ ಹತ್ತಿರವೇ ಹೆಚ್ಚು ಬೀಳುತ್ತವೆ. ದೂರವಾರು ಎಷ್ಟು ಬಿದ್ದಿವೆ ಎಂಬುದರಿಂದಲೇ ಆ ಪಾಲು ತೆಗೆಯಬೇಕು.

ಉದಾಹರಣೆಗೆ, ಸಿಕ್ಕವು 3. ಕಾಣುವ ಸಾಧ್ಯತೆ 0.5, ಉಳಿಯುವ ಸಾಧ್ಯತೆ 0.6, ಹುಡುಕಿದ ಜಾಗಕ್ಕೆ ಬೀಳುವ ಪಾಲು 0.5. ಮೂರನ್ನೂ ಗುಣಿಸಿದರೆ 0.15. 3ನ್ನು ಅದರಿಂದ ಭಾಗಿಸಿದರೆ 20. ಒಂದೂ ಸಿಗದಿದ್ದರೆ ಈ ಸೂತ್ರ ಸೊನ್ನೆಯನ್ನೇ ಕೊಡುತ್ತದೆ. ಹಾಗಂತ ಸಾವೇ ಆಗಿಲ್ಲ ಎಂದು ಬರೆಯಕೂಡದು.

20 ಎಂಬ ಅಂಕಿ ಬಂದಾಗ ಕೇಳಬೇಕಾದದ್ದು ಒಂದೇ: ಗಾಳಿ ಕಡಿಮೆಯಿರುವ ರಾತ್ರಿ ಪಂಖಾ ತಡವಾಗಿ ತಿರುಗಲಿ. ಬಾವಲಿಗಳು ಹೆಚ್ಚು ಸಾಯುವುದು ಆಗಲೇ. ಸೆಕೆಂಡಿಗೆ 3.5 ಮೀಟರ್ ಬದಲು 5 ಮೀಟರ್ ಗಾಳಿ ಬಂದ ಮೇಲೆ ಚಾಲೂ ಮಾಡಿದರೆ, ಅಮೆರಿಕದ ಪ್ರಯೋಗಗಳಲ್ಲಿ ಕಂಡಂತೆ, ಸಾವು ಅರ್ಧದಷ್ಟು ಇಳಿಯುತ್ತದೆ.