ಅಮೆರಿಕದಲ್ಲಿ ಪುಟ್ಟ ಮಕ್ಕಳ ಸಾಕರ್: ಮಗುವನ್ನು ಸೇರಿಸುವ ಮೊದಲು ತಿಳಿದಿರಬೇಕಾದದ್ದು

ಐದು ವರ್ಷದ ಮಗು ಇರುವ ಮನೆಗೆ ಅಮೆರಿಕದಲ್ಲಿ ಸಾಕರ್, ಅಂದರೆ ನಮ್ಮ ಫುಟ್‌ಬಾಲ್, ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಕಿಂಡರ್‌ಗಾರ್ಟನ್‌ನಲ್ಲಿ ಪಕ್ಕ ಕೂರುವ ಹುಡುಗಿ ಶನಿವಾರ ಆಡಲು ಹೋಗುತ್ತಾಳೆ. ಸೋಮವಾರ ನಿಮ್ಮ ಮಗು ‘ನಂಗೂ ಬೇಕು’ ಅಂತ ಹಟ ಹಿಡಿಯುತ್ತದೆ. ನಮ್ಮಲ್ಲಿ ಹೆಚ್ಚಿನವರು ಕ್ರಿಕೆಟ್ ಆಡಿ, ಕ್ರಿಕೆಟ್ ನೋಡಿ ಬೆಳೆದವರು. ಹಾಗಾಗಿ ಮೈದಾನಕ್ಕೆ ಹೋದ ಮೊದಲ ದಿನ ಎಷ್ಟೋ ಅಪ್ಪ ಅಮ್ಮಂದಿರಿಗೆ ಗಲಿಬಿಲಿಯಾಗುತ್ತದೆ. ಗೋಲ್‌ಕೀಪರ್ ಇಲ್ಲ, ಸ್ಕೋರ್ ಬೋರ್ಡ್ ಇಲ್ಲ, ಕೋಚ್ ಮೈದಾನದ ಒಳಗೇ ಓಡಾಡುತ್ತಿರುತ್ತಾರೆ. ಇದೆಂಥ ಆಟ ಅನ್ನಿಸುತ್ತದೆ. ಆದರೆ ಇಲ್ಲಿ ಯಾವುದೂ ಅಡ್ಡಾದಿಡ್ಡಿಯಾಗಿ ನಡೆಯುತ್ತಿಲ್ಲ. ಪ್ರತಿಯೊಂದರ ಹಿಂದೆಯೂ ಒಂದು ನಿಯಮ ಇದೆ, ನಿಯಮಕ್ಕೆ ಕಾರಣವೂ ಇದೆ.

ಮೊದಲು ಗೊತ್ತಿರಬೇಕಾದದ್ದು, ಇಲ್ಲಿ ಮಕ್ಕಳ ಸಾಕರ್ ಎರಡು ಬಗೆ. ಒಂದು ಸೆಲೆಕ್ಷನ್ ನಡೆಸಿ ಮಕ್ಕಳನ್ನು ಆರಿಸುವ ಕ್ಲಬ್‌ಗಳದ್ದು. ಇನ್ನೊಂದನ್ನು ಎಲ್ಲರೂ ‘ರೆಕ್’ (ರಿಕ್ರಿಯೇಷನಲ್, ಅಂದರೆ ಖುಷಿಗಾಗಿ ಆಡುವುದು) ಅನ್ನುತ್ತಾರೆ. ರೆಕ್‌ನಲ್ಲಿ ಸೆಲೆಕ್ಷನ್ ಇಲ್ಲ. ಹೆಸರು ಬರೆಸಿದ ಮಗುವಿಗೆ ಜಾಗ ಇರುವವರೆಗೂ ಟೀಮ್ ಸಿಗುತ್ತದೆ. ಬಾಲ್ ಮುಟ್ಟಿಯೇ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. 1964ರಲ್ಲಿ ಲಾಸ್ ಏಂಜಲೀಸ್ ಪಕ್ಕದ ಟಾರೆನ್ಸ್‌ನಲ್ಲಿ ಶುರುವಾದ ಎ.ವೈ.ಎಸ್.ಓ. (ಅಮೆರಿಕನ್ ಯೂತ್ ಸಾಕರ್ ಆರ್ಗನೈಜೇಷನ್) ಈ ಬಗೆಯ ದೊಡ್ಡ ಸಂಸ್ಥೆ. ಯು.ಎಸ್. ಯೂತ್ ಸಾಕರ್ ಕೆಳಗಿನ ಲೀಗ್‌ಗಳು, ವೈ.ಎಂ.ಸಿ.ಎ., ಊರಿನ ಪಾರ್ಕ್ ಇಲಾಖೆಗಳು ನಡೆಸುವ ಟೀಮ್‌ಗಳೂ ಇವೆ. ಸಣ್ಣಪುಟ್ಟ ನಿಯಮ ಊರಿಂದೂರಿಗೆ ಬದಲಾಗುತ್ತದೆ. ಇಲ್ಲಿ ಹೇಳುತ್ತಿರುವುದು ಬಹುತೇಕ ಕಡೆ ಇರುವ ಪದ್ಧತಿ. ನಿಮ್ಮ ಲೀಗಿನ ಕೈಪಿಡಿಯನ್ನು ಒಮ್ಮೆ ಓದಿಬಿಡಿ, ಕೆಲವೇ ಪುಟ ಇರುತ್ತದೆ.

ದೊಡ್ಡವರು ಹನ್ನೊಂದು ಜನ ಆಡಿದರೆ ಈ ಮಕ್ಕಳು ಒಂದು ಕಡೆ ನಾಲ್ಕೇ ಜನ. 2017ರಿಂದ ಅಮೆರಿಕದ ಸಾಕರ್ ಫೆಡರೇಷನ್ ಇದನ್ನು ದೇಶಕ್ಕೆಲ್ಲ ಒಂದೇ ಮಾಡಿದೆ. ಎಂಟು ವರ್ಷದೊಳಗಿನ ಗುಂಪಿಗೆ ನಾಲ್ಕು ಜನ, ಹತ್ತರೊಳಗೆ ಏಳು, ಹನ್ನೆರಡರೊಳಗೆ ಒಂಬತ್ತು, ಆಮೇಲೆ ಹನ್ನೊಂದು. ನಾಲ್ಕು ಜನರ ಆಟಕ್ಕೆ ಮೈದಾನವೂ ಚಿಕ್ಕದು. ಉದ್ದ 25ರಿಂದ 35 ಗಜ, ಅಗಲ 15ರಿಂದ 25 ಗಜ. ಗೋಲ್ ಹೆಚ್ಚೆಂದರೆ 4 ಅಡಿ ಎತ್ತರ, 6 ಅಡಿ ಅಗಲ. ಬಾಲ್ 3ನೇ ಸೈಜಿನದು.

ಯಾಕೆ ಹೀಗೆ? ಐದು ವರ್ಷದ ಹತ್ತು ಹನ್ನೊಂದು ಮಕ್ಕಳನ್ನು ದೊಡ್ಡ ಮೈದಾನಕ್ಕೆ ಬಿಟ್ಟು ನೋಡಿ. ಜೋರಾಗಿ ಓಡುವ ಇಬ್ಬರೇ ಆಡುತ್ತಾರೆ. ಉಳಿದವರು ಹುಲ್ಲು ಕೀಳುತ್ತಾ ನಿಂತಿರುತ್ತಾರೆ. ನಾಲ್ಕೇ ಜನ ಇದ್ದರೆ, ಹಿಂಜರಿಯುವ ಮಗುವಿನ ಕಾಲಿಗೂ ಬಾಲ್ ಬರಲೇಬೇಕು. ಈ ವಯಸ್ಸಿನ ಅಷ್ಟೂ ನಿಯಮಗಳ ಗುರಿ ಅದೊಂದೇ: ಪ್ರತಿ ಮಗುವಿನ ಕಾಲಿಗೂ ಬಾಲ್ ಸಿಗಬೇಕು, ಮತ್ತೆ ಮತ್ತೆ ಸಿಗಬೇಕು. ಗೋಲ್‌ಕೀಪರ್ ಇಲ್ಲದಿರುವುದೂ ಅದಕ್ಕೇ. ಒಂದು ಮಗು ಕಂಬದ ಮಧ್ಯೆ ಸುಮ್ನೆ ನಿಂತು ಕಾಯುವ ಬದಲು ಅದೂ ಓಡಲಿ ಅಂತ.

ಆಟ ಶುರುವಾಗುತ್ತಿದ್ದಂತೆ ಎರಡೂ ಕಡೆಯ ಎಂಟೂ ಮಕ್ಕಳು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಬಾಲಿಗೆ ಮುತ್ತಿಕೊಳ್ಳುತ್ತಾರೆ. ಪಾಸ್ ಮಾಡುವವರೇ ಇಲ್ಲ. ಸ್ವಂತ ಟೀಮಿನವನ ಕಾಲಿಂದಲೇ ಬಾಲ್ ಕಿತ್ತುಕೊಳ್ಳುತ್ತಾರೆ. ನೋಡುವ ನಮಗೆ ‘ಪಾಸ್ ಮಾಡೋ!’ ಅಂತ ಕೂಗುವ ಆಸೆ ಬರುತ್ತದೆ. ತಡೆದುಕೊಳ್ಳಿ. ಐದಾರು ವರ್ಷದ ಮಗುವಿಗೆ ಬಾಲ್ ಅಂದರೆ ನನ್ನದು. ಕಷ್ಟಪಟ್ಟು ಸಿಕ್ಕಿದ್ದನ್ನು ಇನ್ನೊಬ್ಬರಿಗೆ ಕೊಡುವ ಲೆಕ್ಕಾಚಾರ ಆಮೇಲೆ ಬರುತ್ತದೆ. ಒಳ್ಳೆಯ ಕೋಚ್ ಆ ಗುಂಪನ್ನು ಚದುರಿಸಲು ಹೋಗುವುದಿಲ್ಲ. ಗುಂಪಿನೊಳಗಿಂದ ಬಾಲ್ ಜೊತೆ ಹೊರಗೆ ಬರುವುದು ಹೇಗೆ ಅನ್ನುವುದನ್ನು ಮಗು ತಾನೇ ಕಂಡುಕೊಳ್ಳಲಿ ಅಂತ ಬಿಡುತ್ತಾರೆ. ಮುಂದೆ ಡ್ರಿಬ್ಲಿಂಗ್, ಅಂದರೆ ಬಾಲನ್ನು ಕಾಲಲ್ಲೇ ತಳ್ಳಿಕೊಂಡು ಓಡುವುದು, ಬರುವುದು ಅಲ್ಲಿಂದಲೇ.

ಇನ್ನುಳಿದ ನಿಯಮಗಳು ಸರಳ. ಎದುರಾಳಿಗಳನ್ನು ದಾಟಿ ಗೋಲ್ ಹತ್ತಿರ ಮೊದಲೇ ಹೋಗಿ ಬಾಲಿಗೆ ಕಾಯಬಾರದು ಅನ್ನುವ ಆಫ್‌ಸೈಡ್ ನಿಯಮ ಇಲ್ಲ. ಬಾಲ್ ಗೆರೆ ದಾಟಿದರೆ ಕೈಯಿಂದ ಎಸೆಯುವಂತಿಲ್ಲ, ಕಾಲಿಂದ ಒದ್ದು ಅಥವಾ ತಳ್ಳಿಕೊಂಡು ಒಳಗೆ ತರಬೇಕು. ಒಂದು ಟೀಮ್ ತಪ್ಪು ಮಾಡಿದಾಗ ಎದುರು ಟೀಮಿಗೆ ಸಿಗುವ ಫ್ರೀ ಕಿಕ್ ಎಲ್ಲವೂ ಇನ್‌ಡೈರೆಕ್ಟ್. ಅಂದರೆ ನೇರ ಗೋಲಿಗೆ ಒದ್ದರೆ ಲೆಕ್ಕಕ್ಕಿಲ್ಲ, ಮಧ್ಯೆ ಇನ್ನೊಬ್ಬರು ಮುಟ್ಟಬೇಕು. ಎದುರಾಳಿಗಳು 10 ಅಡಿ ದೂರ ನಿಲ್ಲಬೇಕು. ಪೆನಾಲ್ಟಿ ಕಿಕ್ ಇಲ್ಲ. ಆಟ ನಾಲ್ಕು ಭಾಗ, ಒಂದೊಂದು ಸಾಮಾನ್ಯವಾಗಿ 8ರಿಂದ 10 ನಿಮಿಷ. ಮಧ್ಯೆ ನೀರು ಕುಡಿಯಲು ಬಿಡುವು. ಮಕ್ಕಳನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಎ.ವೈ.ಎಸ್.ಓ.ದಲ್ಲಿ ಪ್ರತಿ ಮಗುವೂ ಕನಿಷ್ಠ ಅರ್ಧ ಆಟ ಆಡಲೇಬೇಕು, ಕೆಲವು ಊರುಗಳಲ್ಲಿ ಮುಕ್ಕಾಲು. ‘ನಮ್ಮ ಮಗಳಿಗೆ ಅಷ್ಟು ಚೆನ್ನಾಗಿ ಬರಲ್ಲ, ಆಡಿಸ್ತಾರೋ ಇಲ್ವೋ’ ಅನ್ನುವ ಚಿಂತೆ ಬೇಡ.

ತಲೆಯಿಂದ ಬಾಲ್ ಹೊಡೆಯುವುದರ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಟಿ.ವಿ.ಯಲ್ಲಿ ವಿಶ್ವಕಪ್ ನೋಡಿದ ಮಗು ಹೆಡ್ಡರ್ ಹೊಡೆಯಲು ಹೋಗುವುದು ಸಹಜ. ಆದರೆ ಇಲ್ಲಿ 10 ವರ್ಷದವರೆಗೂ ಅದು ನಿಷಿದ್ಧ, ಪಂದ್ಯದಲ್ಲೂ ಇಲ್ಲ, ಪ್ರಾಕ್ಟೀಸ್‌ನಲ್ಲೂ ಇಲ್ಲ. ಮಕ್ಕಳ ತಲೆಪೆಟ್ಟಿನ ವಿಷಯದಲ್ಲಿ 2014ರಲ್ಲಿ ಕೆಲವು ಪೋಷಕರು ಕೋರ್ಟಿಗೆ ಹೋದರು. 2015ರ ನವೆಂಬರ್‌ನಲ್ಲಿ ಫೆಡರೇಷನ್ ಈ ನಿಷೇಧ ಪ್ರಕಟಿಸಿತು. ಬೇಕಂತಲೇ ತಲೆ ಕೊಟ್ಟರೆ ಎದುರು ಟೀಮಿಗೆ ಫ್ರೀ ಕಿಕ್ ಸಿಗುತ್ತದೆ. ಮನೆಯ ಹಿತ್ತಲಲ್ಲಿ ಆಡಿಸುವಾಗಲೂ ಇದನ್ನು ಪಾಲಿಸಿ ಅಂತ ನನ್ನ ವಿನಂತಿ. ತಲೆಗೆ ಏಟು ಬಿತ್ತು ಅನ್ನುವ ಅನುಮಾನ ಬಂದರೆ ಕೋಚ್ ಮಗುವನ್ನು ಆ ದಿನ ಮತ್ತೆ ಆಡಲು ಬಿಡುವುದಿಲ್ಲ. ‘ಏನಾಗಿಲ್ಲ, ಅಳು ನಿಂತಿತಲ್ಲ, ಆಡ್ಲಿ ಬಿಡಿ’ ಅನ್ನಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಇದು ಕಾನೂನು. ವೈದ್ಯರು ಬರೆದುಕೊಟ್ಟ ಮೇಲೆಯೇ ಮಗು ವಾಪಸ್ ಬರಬಹುದು.

ಈಗ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ತೊಂದರೆ ಕೊಡುವ ನಿಯಮಕ್ಕೆ ಬರುತ್ತೇನೆ. ಒಡವೆ. ಸಾಕರ್‌ನ ಅಂತರರಾಷ್ಟ್ರೀಯ ನಿಯಮಾವಳಿಯ 4ನೇ ನಿಯಮದ ಪ್ರಕಾರ ಯಾವ ಆಭರಣವೂ ಮೈಮೇಲೆ ಇರಬಾರದು. ವಿಶ್ವಕಪ್ ಆಟಗಾರನಿಗೂ ಅದೇ, ನಿಮ್ಮ ಐದು ವರ್ಷದ ಮಗಳಿಗೂ ಅದೇ. ಕಿವಿಯ ಚಿಕ್ಕ ಚಿನ್ನದ ಓಲೆಯನ್ನೂ ಬಿಚ್ಚಬೇಕು. ಮೇಲೆ ಟೇಪ್ ಅಂಟಿಸಿದರೆ ನಡೆಯುವುದಿಲ್ಲ. ಬೆಳ್ಳಿ ಬಳೆ, ಕಾಲ್ಗೆಜ್ಜೆ, ಕೊರಳ ಸರ ಯಾವುದೂ ಇಲ್ಲ. ಕೈಗೆ ಕಟ್ಟಿದ ಕಪ್ಪು ದಾರವನ್ನೂ ಬಿಚ್ಚಲು ಹೇಳುತ್ತಾರೆ. ಗಟ್ಟಿ ಪ್ಲಾಸ್ಟಿಕ್ ಕ್ಲಿಪ್ ಬದಲು ಮೆತ್ತಗಿನ ಬಟ್ಟೆಯ ಬ್ಯಾಂಡ್ ಹಾಕಿ. ಉಡಿದಾರದಂಥದ್ದು ಇದ್ದರೆ ಆಟದ ದಿನಕ್ಕಿಂತ ಮೊದಲೇ ಕೋಚ್ ಹತ್ತಿರ ಮಾತಾಡಿ. ಅಲರ್ಜಿ, ಡಯಾಬಿಟಿಸ್ ತಿಳಿಸುವ ವೈದ್ಯಕೀಯ ಕೈಪಟ್ಟಿಗೆ ಮಾತ್ರ ವಿನಾಯಿತಿ ಇದೆ.

ಇದರಲ್ಲಿ ಕಿವಿ ಚುಚ್ಚಿಸುವುದರ ಸಮಯ ನೋಡಿಕೊಳ್ಳಿ. ಬೇಸಿಗೆ ರಜೆಗೆ ಊರಿಗೆ ಹೋದಾಗ ಅಜ್ಜಿಯ ಆಸೆಯಂತೆ ಕಿವಿ ಚುಚ್ಚಿಸಿಕೊಂಡು ಬರುತ್ತೀರಿ. ಹೊಸ ತೂತು ಮಾಯಲು ಆರು ವಾರವಾದರೂ ಬೇಕು, ಅಲ್ಲಿಯವರೆಗೆ ಓಲೆ ತೆಗೆಯುವಂತಿಲ್ಲ. ಅಷ್ಟರಲ್ಲಿ ಆಗಸ್ಟ್ ಕೊನೆಗೆ ಪ್ರಾಕ್ಟೀಸ್ ಶುರು. ಸಮವಸ್ತ್ರ ಹಾಕಿಕೊಂಡು ಬಂದ ಮಗುವನ್ನು ಗೆರೆಯಾಚೆ ಕೂರಿಸಬೇಕಾಗುತ್ತದೆ. ಅದರ ಮುಖ ನೋಡಲಾಗುವುದಿಲ್ಲ. ರೆಫರಿಯನ್ನು ಬೇಡಿಕೊಂಡು ಉಪಯೋಗವಿಲ್ಲ, ಅವರ ಕೈಯಲ್ಲಿ ಏನೂ ಇಲ್ಲ. ನವೆಂಬರ್‌ನಲ್ಲಿ ಸೀಸನ್ ಮುಗಿಯುತ್ತದೆ. ಡಿಸೆಂಬರ್ ರಜೆಗೆ ಊರಿಗೆ ಹೋದಾಗ ಚುಚ್ಚಿಸಿದರೆ ಅಜ್ಜಿಗೂ ಖುಷಿ, ಮಗುವಿಗೂ ಕಷ್ಟವಿಲ್ಲ.

ಹಾಕಿಕೊಳ್ಳಲೇಬೇಕಾದದ್ದು ಶಿನ್ ಗಾರ್ಡ್, ಅಂದರೆ ಮೊಣಕಾಲ ಕೆಳಗಿನ ಮುಂಗಾಲ ಮೂಳೆಗೆ ಕಟ್ಟುವ ರಕ್ಷಾಕವಚ. ಕಾಲುಚೀಲ ಅದರ ಮೇಲೆ ಬರಬೇಕು, ಪೂರ್ತಿ ಮುಚ್ಚಬೇಕು. ಕ್ಲೀಟ್ಸ್ (ಅಡಿಯಲ್ಲಿ ಮುಳ್ಳುಗಳಿರುವ ಆಟದ ಶೂ) ಕೊಳ್ಳುವುದಾದರೆ ಬೇಸ್‌ಬಾಲ್‌ನದನ್ನು ತರಬೇಡಿ, ಅದರ ಮುಂತುದಿಯಲ್ಲಿ ಒಂದು ಮುಳ್ಳು ಇರುತ್ತದೆ, ಸಾಕರ್‌ಗೆ ಬಿಡುವುದಿಲ್ಲ. ಬಹಳಷ್ಟು ಲೀಗ್‌ಗಳಲ್ಲಿ ಈ ವಯಸ್ಸಿಗೆ ಮಾಮೂಲಿ ಶೂ ಕೂಡ ಸಾಕು. ಕಾಲು ಬೆಳೆಯುತ್ತಲೇ ಇರುತ್ತದೆ, ಹಳೆಯದನ್ನು ಕೊಡುವ ಕನ್ನಡ ಬಳಗದ ಗೆಳೆಯರಿದ್ದರೆ ಇಸ್ಕೊಳ್ಳಿ.

ಇನ್ನು ಗೆರೆಯಾಚೆ ನಿಲ್ಲುವ ನಮ್ಮ ವಿಷಯ. ಸೂಚನೆ ಕೊಡುವ ಹಕ್ಕು ಕೋಚ್‌ಗೆ ಮಾತ್ರ. ಅಪ್ಪ ಅಮ್ಮ ಹುರಿದುಂಬಿಸಬಹುದು, ಅಷ್ಟೇ. ಕನ್ನಡದಲ್ಲಿ ಕೂಗಿದರೆ ಯಾರಿಗೂ ತಿಳಿಯಲ್ಲ ಅಂದುಕೊಳ್ಳಬೇಡಿ, ತಿಳಿಯಬಾರದವರಿಗೇ ತಿಳಿಯುತ್ತದೆ. ಆರು ವರ್ಷದ ಹುಡುಗನ ಕಾಲಿಗೆ ಬಾಲ್ ಸಿಕ್ಕಿದೆ. ಮುಂದೆ ಜಾಗ ಖಾಲಿ ಇದೆ. ಆಗ ಆಚೆಯಿಂದ ‘ಒದಿಯೋ! ಆ ಕಡೆ ಅಲ್ಲ, ಈ ಕಡೆ!’ ಅಂತ ಅಪ್ಪನ ದನಿ ಬರುತ್ತದೆ. ಹುಡುಗ ಬಾಲ್ ಬಿಟ್ಟು ಅಪ್ಪನ ಮುಖ ನೋಡುತ್ತಾನೆ. ಅಷ್ಟರಲ್ಲಿ ಬಾಲ್ ಹೋಗಿರುತ್ತದೆ. ಶನಿವಾರ ಬೆಳಿಗ್ಗೆ ಯಾವ ಮೈದಾನಕ್ಕೆ ಹೋದರೂ ಇದನ್ನು ಕಾಣಬಹುದು. ಅದಕ್ಕೇ ಎಷ್ಟೋ ಲೀಗ್‌ಗಳು ವರ್ಷಕ್ಕೊಮ್ಮೆ ‘ಸೈಲೆಂಟ್ ಸ್ಯಾಟರ್ಡೇ’ ಇಡುತ್ತವೆ. ಅವತ್ತು ಪೋಷಕರು ಬಾಯಿ ಬಿಡುವಂತಿಲ್ಲ, ಚಪ್ಪಾಳೆ ತಟ್ಟಬಹುದು. ಆ ದಿನ ಮಕ್ಕಳು ಒಬ್ಬರಿಗೊಬ್ಬರು ಮಾತಾಡಿಕೊಂಡು ಆಡುವುದನ್ನು ನೋಡಿ, ಬಹಳ ಚೆನ್ನಾಗಿರುತ್ತದೆ.

ಗೋಲ್ ಹಿಂದೆ ಯಾರೂ ನಿಲ್ಲಬಾರದು. ಗೋಲ್ ಕಂಬ ಹಿಡಿದು ನೇತಾಡಲು ಮಕ್ಕಳನ್ನು ಬಿಡಲೇಬೇಡಿ, ಅದು ಮಗುಚಿ ಪ್ರಾಣ ಹೋದ ಘಟನೆಗಳು ಈ ದೇಶದಲ್ಲಿ ನಡೆದಿವೆ. ಮುಂದಿನ ವಯಸ್ಸಿನ ಆಟಗಳಲ್ಲಿ ರೆಫರಿ ಎಷ್ಟೋ ಸಲ ಹದಿಮೂರು ಹದಿನಾಲ್ಕರ ಹುಡುಗ ಹುಡುಗಿಯರು, ಅವರೂ ಕಲಿಯುತ್ತಿರುವವರು. ಅವರ ಜೊತೆ ವಾದಕ್ಕೆ ಇಳಿಯಬೇಡಿ.

ಸ್ಕೋರ್ ಬರೆದಿಡುವುದಿಲ್ಲ, ಅಂಕಪಟ್ಟಿ ಇಲ್ಲ, ಚಾಂಪಿಯನ್ ಇಲ್ಲ. ವಿಡಿಯೋ ಕಾಲ್‌ನಲ್ಲಿ ತಾತ ‘ಗೆದ್ರೇನಪ್ಪಾ?’ ಅಂತ ಕೇಳೇ ಕೇಳುತ್ತಾರೆ. ‘ಇವತ್ತು ಬಾಲ್ ಎಷ್ಟು ಸಲ ಸಿಕ್ತು ಅಂತ ಕೇಳಿ ಅಪ್ಪಾ’ ಅಂತ ಮೊದಲೇ ಹೇಳಿಕೊಟ್ಟರೆ ಮಗು ಉತ್ಸಾಹದಿಂದ ವಿವರ ಹೇಳುತ್ತದೆ. ಕೊನೆಗೆ ಎರಡೂ ಟೀಮ್ ಸಾಲಾಗಿ ಬಂದು ಕೈ ತಟ್ಟುತ್ತವೆ. ಆಮೇಲೆ ತಿಂಡಿ. ಒಂದೊಂದು ವಾರ ಒಂದೊಂದು ಮನೆಯ ಸರದಿ. ಕತ್ತರಿಸಿದ ಕಿತ್ತಳೆ, ದ್ರಾಕ್ಷಿ ಎಲ್ಲರಿಗೂ ಆಗುತ್ತದೆ. ಕಡಲೆಕಾಯಿ, ಗೋಡಂಬಿ ಬೇಡ, ಅಲರ್ಜಿ ಇರುವ ಮಕ್ಕಳಿರುತ್ತಾರೆ. ಸಸ್ಯಾಹಾರಿಗಳಾಗಿದ್ದರೆ ಗಮನಿಸಿ: ಅಂಟಂಟಾದ ಎಷ್ಟೋ ಗಮಿ ಮಿಠಾಯಿಗಳಲ್ಲಿ, ಮಾರ್ಷ್‌ಮೆಲೋ ಹಾಕಿದ ತಿನಿಸುಗಳಲ್ಲಿ ಪ್ರಾಣಿಮೂಲದ ಜೆಲಾಟಿನ್ ಇರುತ್ತದೆ. ಸೀಸನ್ ಶುರುವಿನಲ್ಲೇ ಟೀಮಿನ ಗುಂಪಿಗೆ ಒಂದು ಸಾಲು ಮೆಸೇಜ್ ಹಾಕಿದರೆ ಎಲ್ಲರೂ ಪ್ರೀತಿಯಿಂದ ಅನುಸರಿಸಿಕೊಳ್ಳುತ್ತಾರೆ.

ಕೋಚ್‌ಗೆ ಸಂಬಳ ಇಲ್ಲ. ಅವರು ನಿಮ್ಮ ಹಾಗೆಯೇ ಯಾವುದೋ ಮಗುವಿನ ಅಪ್ಪ ಅಥವಾ ಅಮ್ಮ. ಕೋಚ್ ಸಿಗದೆ ಟೀಮ್‌ಗಳೇ ನಿಂತುಹೋಗುತ್ತವೆ. ಆಡಿ ಗೊತ್ತಿಲ್ಲದಿದ್ದರೂ ನೀವು ಮುಂದೆ ಬನ್ನಿ, ಅದರಲ್ಲೂ ಅಮ್ಮಂದಿರು. ಹಿನ್ನೆಲೆ ಪರಿಶೀಲನೆ ಆಗುತ್ತದೆ. ಮಕ್ಕಳ ಸುರಕ್ಷತೆಯ ‘ಸೇಫ್‌ಸ್ಪೋರ್ಟ್’ ಪಾಠ, ತಲೆಪೆಟ್ಟಿನ ಪಾಠ ಎರಡನ್ನೂ ಆನ್‌ಲೈನ್‌ನಲ್ಲಿ ಮುಗಿಸಬೇಕು. ದೊಡ್ಡವರೊಬ್ಬರೇ ಒಂದು ಮಗುವಿನ ಜೊತೆ ಒಂಟಿಯಾಗಿ ಇರಬಾರದು ಅನ್ನುವುದು ಕಟ್ಟುನಿಟ್ಟು. ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ಸರಿಯಾಗಿ ಬಂದು ಮಗುವನ್ನು ಕರೆದುಕೊಂಡು ಹೋಗಿ.

ಹೆಸರು ಬರೆಸುವುದು ಯಾವಾಗ? ಶರತ್ಕಾಲದ ಸೀಸನ್‌ಗೆ ಸಾಮಾನ್ಯವಾಗಿ ವಸಂತದಲ್ಲೇ ನೋಂದಣಿ ತೆರೆಯುತ್ತದೆ. ಆಗಸ್ಟ್‌ವರೆಗೆ ಕಾದರೆ ವೇಟಿಂಗ್ ಲಿಸ್ಟ್. ವಯಸ್ಸಿಗೆ ದಾಖಲೆಯಾಗಿ ಜನನ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟ್ ಸಾಕು. 2016ರ ಹೊತ್ತಿಗೆ ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ ವಯಸ್ಸಿನ ಗುಂಪು ಮಾಡುವ ಪದ್ಧತಿ ಬಂದಿತ್ತು. 2026-27ರ ಸೀಸನ್‌ನಿಂದ ಅದು ಆಗಸ್ಟ್ 1ರಿಂದ ಜುಲೈ 31ಕ್ಕೆ ಬದಲಾಗುತ್ತಿದೆ. ಶಾಲೆಯಲ್ಲಿ ಒಂದೇ ತರಗತಿಯಲ್ಲಿರುವ ಮಕ್ಕಳು ಮೈದಾನದಲ್ಲೂ ಜಾಸ್ತಿ ಒಟ್ಟಿಗೆ ಸಿಗಲಿ ಅಂತ. ಅಣ್ಣನ ಕಾಲದ ಲೆಕ್ಕ ತಂಗಿಗೆ ಹಾಕಬೇಡಿ. ಶುಲ್ಕ ಕಟ್ಟಲು ಕಷ್ಟವಿದ್ದರೆ ರಿಯಾಯಿತಿ ಕೇಳಿ, ಬಹುತೇಕ ಲೀಗ್‌ಗಳಲ್ಲಿ ಅದಕ್ಕೆ ಫಾರ್ಮ್ ಇರುತ್ತದೆ.

ಏಳೆಂಟು ವರ್ಷಕ್ಕೇ ಸೆಲೆಕ್ಷನ್ ಕ್ಲಬ್‌ಗೆ ಹಾಕಿಬಿಡೋಣ ಅನ್ನುವ ಒತ್ತಡ ನಮ್ಮವರಲ್ಲಿ ಬೇಗ ಹಬ್ಬುತ್ತದೆ. ಅಲ್ಲಿ ಖರ್ಚು ಹಲವು ಪಟ್ಟು, ಶನಿವಾರ ಭಾನುವಾರ ಎರಡೂ ಅದಕ್ಕೇ ಹೋಗುತ್ತದೆ. ಮಗು ತಾನಾಗಿ ಹಿತ್ತಲಲ್ಲಿ ಬಾಲ್ ಹಿಡಿದು ಆಡುತ್ತಿದೆಯಾ ನೋಡಿ. ಇಲ್ಲದಿದ್ದರೆ ಅವಸರ ಬೇಡ. ಒಂಬತ್ತರ ಹೊತ್ತಿಗೆ ರೆಕ್‌ನಲ್ಲೇ ಏಳು ಜನರ ಆಟ ಬರುತ್ತದೆ. ಗೋಲ್‌ಕೀಪರ್ ಬರುತ್ತಾರೆ, ಆಫ್‌ಸೈಡ್ ಬರುತ್ತದೆ, ಕೈಯಿಂದ ಥ್ರೋ-ಇನ್ ಬರುತ್ತದೆ, 3ನೇ ಸೈಜಿನ ಬಾಲ್ ಬಿಟ್ಟು 4ನೆಯದನ್ನು ಕೊಳ್ಳಬೇಕಾಗುತ್ತದೆ.